ಲೋಳೆಸರಕ್ಕೆ ನೀರಿಗಿಂತ ಮೊದಲು ಮಣ್ಣು

ಲೋಳೆಸರ ಬರ ತಡೆಯುವ ಗಿಡ ಎಂಬುದು ಎಲ್ಲರಿಗೂ ಗೊತ್ತು. ಆದರೂ ಮನೆಗಳಲ್ಲಿ ಅದು ಸಾಯುವುದು ಹೆಚ್ಚಾಗಿ ನೀರು ಕುಡಿದೇ. ದಿನ ಬೆಳಗಾದರೆ ತಂಬಿಗೆ ಹಿಡಿದು ಹೊರಡುವ ಕೈಯನ್ನು ಯಾರೂ ತಡೆಯಲಾರರು. ಹಾಗಾಗಿ ಯಾರಿಗೇ ಮರಿ ಕೊಟ್ಟರೂ ನಾನು ಮೊದಲು ಮಣ್ಣಿನ ಮಾತೆತ್ತುತ್ತೇನೆ. ಮಣ್ಣು ಸರಿಯಿದ್ದರೆ ಕೈಮೀರಿ ಹಾಕಿದ ನೀರೂ ಇಳಿದುಹೋಗುತ್ತದೆ.

ಸಾಮಾನ್ಯ ಕುಂಡದ ಮಣ್ಣು ಒಂದು ಪಾಲಾದರೆ, ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಸೇರಿ ಇನ್ನೊಂದು ಪಾಲು. ನುಣುಪು ಮರಳು ಬೇಡ, ಅದು ಮಣ್ಣಿನ ಸಂದುಗಳನ್ನು ಮುಚ್ಚಿ ಗಾರೆಯಂತೆ ಬಿಗಿಯುತ್ತದೆ. ಗಿಡ ನೆಡುವ ಮೊದಲೇ ಕುಂಡ ತುಂಬಿ ನೀರು ಹೊಯ್ದು ನೋಡಿ: ಮೇಲೆ ನಿಲ್ಲದೆ ಬೇಗನೆ ತಳದ ತೂತಿನಿಂದ ಹೊರಬರಬೇಕು. ತಳದಲ್ಲಿ ಜಲ್ಲಿಯ ಪದರ ಹಾಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನಯವಾದ ಮಣ್ಣಿನಲ್ಲಿ ಹಿಡಿದುಕೊಂಡ ನೀರು ದೊಡ್ಡ ಕಲ್ಲುಗಳ ಸಂದಿಗೆ ಸುಲಭವಾಗಿ ಇಳಿಯದೆ ಪದರದ ಮೇಲೆಯೇ ಉಳಿಯುತ್ತದೆ, ಬೇರು ಅಲ್ಲಿಯೇ ಕೊಳೆಯುತ್ತದೆ. ಆ ಜಲ್ಲಿಯನ್ನು ಮಣ್ಣಿಗೇ ಬೆರೆಸಿಬಿಡಿ. ಬೇರುಗಳು ಆಳಕ್ಕಿಂತ ಅಗಲಕ್ಕೆ ಹರಡುವುದರಿಂದ ಬಾಯಿ ಅಗಲವಿರುವ ಮಣ್ಣಿನ ಕುಂಡ ಒಳ್ಳೆಯದು. ನೆಲದಲ್ಲಿ ನೆಡುವುದಾದರೆ ಇಳಿಜಾರು ಅಥವಾ ಏರುಮಡಿ ಹುಡುಕಿ.

ಎಲೆ ಕತ್ತರಿಸಿ ನೆಟ್ಟರೆ ಗಿಡವಾಗುತ್ತದೆಂದು ಕಾಯಬೇಡಿ. ನೀರು ತುಂಬಿದ ಆ ಎಲೆ ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ತಾಯಿಗಿಡದ ಬುಡದಲ್ಲಿ ಏಳುವ ಮರಿಗಳೇ ದಾರಿ. ಸ್ವಂತ ಬೇರು ಬಿಟ್ಟ ಮರಿಯನ್ನು ಬಿಡಿಸಿ, ಗಾಯ ಒಣಗಿ ಗಟ್ಟಿಯಾಗುವ ತನಕ ಕೆಲವು ದಿನ ನೆರಳಿನಲ್ಲಿಟ್ಟು ಆಮೇಲೆ ನೆಡಿ. ನೆಟ್ಟ ಕೂಡಲೇ ನೀರು ಬೇಡ, ಒಂದು ವಾರ ತಡೆಯಿರಿ.

ಅಷ್ಟು ದಿನ ಅದು ಬದುಕುವುದು ಹೇಗೆ ಎಂದು ಅನುಮಾನಪಡುವವರಿಗೆ: ಈ ಗಿಡ ಸುಡುವ ಹಗಲಿನಲ್ಲಿ ಪತ್ರರಂಧ್ರಗಳನ್ನು, ಅಂದರೆ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು, ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಹೀಗಾಗಿ ಎಲೆಯಲ್ಲಿ ಕೂಡಿಟ್ಟ ನೀರು ಹೆಚ್ಚು ಆವಿಯಾಗುವುದಿಲ್ಲ.

ನೀರು ಹಾಕುವಾಗ ಮಾತ್ರ ಜಿಪುಣತನ ಬೇಡ. ಕುಂಡದ ತಳದಿಂದ ಸುರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮಣ್ಣು ಪೂರ್ತಿ ಒಣಗುವವರೆಗೆ ಮರೆತುಬಿಡಿ. ವಾರದ ಲೆಕ್ಕ ಇಡಬೇಡಿ, ಬೆರಳನ್ನು ಮಣ್ಣಿನೊಳಗೆ ಇಳಿಸಿ ನೋಡಿ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಆಗ ಇನ್ನೂ ಕಡಿಮೆ ಸಾಕು. ಹಿಮ ಬೀಳುವ ಕಡೆ ಕುಂಡವನ್ನು ಒಳಗೆ ತರಲೇಬೇಕು.

ಎಲೆಯನ್ನಷ್ಟೇ ನೋಡಿ ತೀರ್ಮಾನಿಸುವುದರಲ್ಲಿ ಒಂದು ಮೋಸವಿದೆ. ಬಾಯಾರಿದ ಗಿಡದ ಎಲೆ ತೆಳುವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಆದರೆ ಬೇರು ಕೊಳೆತ ಗಿಡವೂ ನೀರು ಹೀರಲಾರದೆ ಹಾಗೆಯೇ ಬತ್ತುತ್ತದೆ! ಮಣ್ಣು ಹಸಿಯಾಗಿದ್ದೂ ಎಲೆ ಸೊರಗಿದ್ದರೆ, ಬುಡ ಮೆತ್ತಗಾಗಿದ್ದರೆ, ಗಿಡವನ್ನು ಕಿತ್ತು ಕಪ್ಪಾದ ಬೇರುಗಳನ್ನು ಕತ್ತರಿಸಿ, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಿ.

ಬಿಸಿಲು ಬೇಕು. ನೆರಳಿನಲ್ಲಿ ಎಲೆಗಳು ಉದ್ದುದ್ದ ಬೆಳೆದು ಜೋತುಬೀಳುತ್ತವೆ. ಆದರೆ ಒಳಗಿದ್ದ ಗಿಡವನ್ನು ಒಮ್ಮೆಲೇ ನಡುಹಗಲಿನ ಬಿಸಿಲಿಗೆ ಇಟ್ಟರೆ ಎಲೆ ಕೆಂಗಂದಾಗುತ್ತದೆ, ದಿನದಿನಕ್ಕೆ ಸ್ವಲ್ಪಸ್ವಲ್ಪ ಒಗ್ಗಿಸಿ. ಗೊಬ್ಬರದ ವಿಷಯ ತಲೆಕೆಡಿಸಿಕೊಳ್ಳುವಂಥದ್ದಲ್ಲ, ವರ್ಷಕ್ಕೊಮ್ಮೆ ತುಸು ಕಾಂಪೋಸ್ಟ್ ಆದರೆ ಧಾರಾಳ. ಎಲೆ ಬುಡದ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ.

ಎಲೆ ಬೇಕಾದಾಗ ಹೊರಸುತ್ತಿನ ಬಲಿತದ್ದನ್ನೇ ಬುಡದಿಂದ ಕೊಯ್ಯಿರಿ. ಕೊಯ್ದ ಕಡೆಯಿಂದ ಇಳಿಯುವ ಹಳದಿ ರಸ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಆ ರಸವನ್ನು ಬಸಿದ ಮೇಲೆಯೇ ಲೋಳೆಯನ್ನು ಬಿಡಿಸಿ. ನಾಯಿ, ಬೆಕ್ಕುಗಳಿಗೂ ಈ ಗಿಡ ಆಗದು. ಅವು ಓಡಾಡುವ ಮನೆಯಲ್ಲಿ ಕುಂಡವನ್ನು ಬಾಯಿಗೆ ಎಟುಕದ ಕಡೆ ಇಡಿ.