ಹಿಪ್ಪುನೇರಳೆ ಮರದ ಕುಂಕುಮ ಭರಣಿ: ಮುಚ್ಚಳ ಕೊನೆಗೂ ಕೂತಿತು

ಆಷಾಢದ ಮಳೆ ಒಂದು ವಾರ ಬಿಡದೆ ಹಿಡಿದಿತ್ತು. ಮನೆಯ ಬಾಗಿಲುಗಳೆಲ್ಲ ಉಬ್ಬಿ ಕಚ್ಚಿಕೊಂಡಿದ್ದವು. ದೇವರ ಗೂಡಿನಲ್ಲಿದ್ದ ನನ್ನ ಹನ್ನೆರಡನೇ ಭರಣಿಯ ಮುಚ್ಚಳ ಮಾತ್ರ ಒಂದು ತಿರುವಿಗೆ ಬಿಚ್ಚಿಕೊಂಡಿತು. ಏಪ್ರಿಲ್‌ನ ಬಿಸಿಲಲ್ಲೂ ಅದು ಸಡಿಲ ಆಗಿರಲಿಲ್ಲ. ಹಿಪ್ಪುನೇರಳೆ ಮರದಲ್ಲಿ ಮುಚ್ಚಳ ಕೂರಿಸೋಕೆ ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಮರಗೆಲಸ ನನ್ನ ಕಸುಬಲ್ಲ. ಆದರೆ ಪಂಪ್‌ಸೆಟ್ ಬಿಚ್ಚಿ ಜೋಡಿಸುವವನಿಗೆ, ಮರವನ್ನು ತಿರುಗಿಸಿ ಕಡೆಯುವ ಲೇತ್ ಕಟ್ಟಿಕೊಳ್ಳುವುದು ದೊಡ್ಡದೇನಲ್ಲ. ಗುಜರಿಯಿಂದ ತಂದ ಅರ್ಧ ಎಚ್‌ಪಿ ಮೋಟಾರ್‌ಗೆ ನಾನೇ ವೈಂಡಿಂಗ್ ಮಾಡಿದೆ, 1440 ಆರ್‌ಪಿಎಂ. ಶಾಫ್ಟ್ ಹೊರುವ ಎರಡು ಪಿಲ್ಲೋ ಬ್ಲಾಕ್ ಬೇರಿಂಗ್, ಒಂದು ಶಾಫ್ಟ್, 3 ಇಂಚು ಮತ್ತು 5 ಇಂಚಿನ ಪುಲ್ಲಿ. ಇಷ್ಟಕ್ಕೆ 6,000 ಒಳಗೇ ಆಯಿತು. ಮರದ ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್ ಒಂದಕ್ಕೇ 7,500 ಹೋಯಿತು. ಕಡೆಯುವ ಉಳಿ ಗೌಜ್, ತುಂಡು ಬೇರ್ಪಡಿಸುವ ಪಾರ್ಟಿಂಗ್ ಟೂಲ್ ಸೇರಿ ಇನ್ನೊಂದು 3,000. ಹೆರೆಯುವ ಸ್ಕ್ರೇಪರ್ ಅನ್ನು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ ತುಂಡಿನಿಂದ ಕುಲುಮೆಯಲ್ಲಿ ಹೊಡೆಸಿಕೊಂಡೆ, 200 ರೂಪಾಯಿ. ಹಳೇ ಅರದಲ್ಲಿ ಮಾಡಿಕೊಳ್ಳಲು ಹೋಗಬೇಡಿ. ಅದು ಗಾಜಿನ ಹಾಗೆ ಸಿಡಿಯುತ್ತದೆ.

ಮರ ಬಿಟ್ಟಿ ಸಿಕ್ಕಿತು. ಮಳವಳ್ಳಿ ಕಡೆ ನನ್ನ ಸೋದರಮಾವ ರೇಷ್ಮೆ ಸಾಕುವುದು ನಿಲ್ಲಿಸಿ, ಬದುವಿನ ಮೇಲಿದ್ದ ಹಳೇ ಹಿಪ್ಪುನೇರಳೆ ಮರವನ್ನು ಹೋದ ದೀಪಾವಳಿ ಆದ ಮೇಲೆ ಕಡಿಸಿದರು. ಒಂದಡಿ ದಪ್ಪದ ಬುಡ. ನಮ್ಮ ಬೀದಿಯ ಬಡಗಿ ನೋಡಿ, "ಒಲೆ ಸೌದೆ ಕಣಣ್ಣ ಅದು. ಮುಚ್ಚಳ ಬೇರೆ ಕೂರಿಸ್ತೀನಿ ಅಂತೀಯಲ್ಲ" ಅಂದ. ಒಲೆಗೆ ಹಾಕುವ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಹಾಕಿ ಸ್ಟಿಕ್ ಮಾಡುವ ಮರ ಅದು. ಅಷ್ಟು ಪೆಟ್ಟು ತಿನ್ನುವ ಮರಕ್ಕೆ ಒಂದು ಮುಚ್ಚಳ ಹೊರುವುದು ಕಷ್ಟವಾ?

ಕಷ್ಟವೇ ಆಯಿತು. ಮೊದಲ ಆರು ಭರಣಿಗಳನ್ನು ಹಸಿ ಮರದಲ್ಲೇ, ಒಂದೊಂದನ್ನೂ ಒಂದೇ ದಿನದಲ್ಲಿ ಕಡೆದು ಮುಗಿಸಿದೆ. ಬೆಳಿಗ್ಗೆ ಮುಚ್ಚಳ ಟಪ್ ಅಂತ ಕೂರುತ್ತಿತ್ತು. ಸಂಜೆಗೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಉಗುರು ತೂರುವಷ್ಟು ಸಂದು. ಎರಡು ದಿನ ಬಿಟ್ಟು ವರ್ನಿಯರ್ ಇಟ್ಟು ಬಾಯಿ ಅಳೆದರೆ ಒಂದು ಅಡ್ಡಕ್ಕೆ 70 ಎಂ.ಎಂ., ಇನ್ನೊಂದಕ್ಕೆ 68 ಚಿಲ್ಲರೆ. ಮೊಟ್ಟೆ ಆಕಾರ. ಒಂದರಲ್ಲಿ ಮುಚ್ಚಳ ಒಳಗೇ ಸಿಕ್ಕಿಬಿತ್ತು. "ಬರ್ತಾನೇ ಇಲ್ಲ ಕಣ್ರೀ" ಅಂತ ನನ್ನ ಹೆಂಡತಿ ಕೊಟ್ಟಾಗ ಉಳಿ ಇಟ್ಟು ಒಡೆಯಬೇಕಾಯಿತು.

ಹಸಿ ಹೋಗಲಿ ಅಂತ ಮೂರು ತುಂಡುಗಳನ್ನು ಗೆಳೆಯನ ಆಲೆಮನೆಗೆ ಕೊಂಡುಹೋಗಿ, ಕೊಪ್ಪರಿಗೆಯ ಒಲೆಯ ಗೋಡೆಗೆ ಒರಗಿಸಿ ಎರಡು ರಾತ್ರಿ ಬಿಟ್ಟೆ. ಮೂರೂ ತುದಿಯಿಂದ ಸೀಳಿಕೊಂಡು ಬಂದವು. ಬೆಲ್ಲದ ವಾಸನೆ ಮಾತ್ರ ಚೆನ್ನಾಗಿ ಹತ್ತಿತ್ತು. ಕೊಯ್ದ ತುದಿಯಿಂದ ನೀರು ಬೇಗ ಓಡುತ್ತದೆ, ಒಳಗಿನದು ಹಿಂದೆ ಉಳಿಯುತ್ತದೆ. ಮರ ಸೀಳದೆ ಇನ್ನೇನು ಮಾಡೀತು? ಆಮೇಲೆ ಒಂದರ ತಳ ತೂತಾಯಿತು. ಇನ್ನೊಂದು ಗೌಜ್ ಕಚ್ಚಿ ಚಕ್‌ನಿಂದ ಹಾರಿ ಅಂಗಡಿಯ ಶಟರ್‌ಗೆ ಬಡಿಯಿತು. ಅಲ್ಲಿಗೆ ಹನ್ನೊಂದು ಹೋದವು.

ಹನ್ನೆರಡನೆಯದಕ್ಕೆ ಕ್ರಮ ಬದಲಾಯಿಸಿದೆ. ಸಾ ಮಿಲ್‌ನಲ್ಲಿ 300 ಕೊಟ್ಟು, ನಡುವಿನ ತಿರುಳು ಬಿಟ್ಟು ಸೀಳಿಸಿದೆ. ತಿರುಳು ಒಳಗಿದ್ದರೆ ಬಿರುಕು ಗ್ಯಾರಂಟಿ. ದೊಡ್ಡ ಪುಲ್ಲಿಯಲ್ಲಿ ನಿಮಿಷಕ್ಕೆ 860 ಸುತ್ತಿನ ಆಸುಪಾಸು ಓಡಿಸಿ ಉರುಟು ಮಾಡಿದೆ. ಮುಚ್ಚಳ, ಭರಣಿ ಎರಡನ್ನೂ ಬೇರ್ಪಡಿಸಿ ಒಳಗೆ ತೋಡಿ, ಗೋಡೆಯನ್ನು 10-12 ಎಂ.ಎಂ. ದಪ್ಪವೇ ಉಳಿಸಿ ನಿಲ್ಲಿಸಿಬಿಟ್ಟೆ. ಕಡೆಯುವಾಗ ಉದುರಿದ ಅದೇ ಮರದ ಸಿಪ್ಪೆಯನ್ನು ಕಾಗದದ ಚೀಲಕ್ಕೆ ತುಂಬಿ, ಅದರೊಳಗೆ ಎರಡನ್ನೂ ಹೂತಿಟ್ಟೆ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಪೆನ್ಸಿಲ್‌ನಲ್ಲಿ ಮರದ ಮೇಲೇ ಬರೆದೆ. ಶುರುವಿನಲ್ಲಿ ಎರಡೂ ಸೇರಿ 240 ಗ್ರಾಂ. ಏಳು ವಾರದ ಹೊತ್ತಿಗೆ 170ರ ಆಸುಪಾಸಿಗೆ ಬಂದು ನಿಂತಿತು. ಎರಡು ಭಾನುವಾರ ಒಂದೇ ತೂಕ ಬಂದ ಮೇಲೆಯೇ ಲೇತ್‌ಗೆ ಹಾಕಿದೆ.

ಈಗ ಮುಖ್ಯದ್ದು. ಮೊದಲು ಮುಚ್ಚಳದ ಒಳಗನ್ನು ಮುಗಿಸಿ. ಭರಣಿಯ ಕತ್ತನ್ನು, ಅಂದರೆ ಮುಚ್ಚಳ ಕೂರುವ ಅಂಚನ್ನು, ಅದಕ್ಕೆ ಹೊಂದಿಸಿ, ಉಲ್ಟಾ ಬೇಡ. ಕತ್ತಿನಲ್ಲಿ ಕೂದಲೆಳೆಯಷ್ಟು ತೆಗೆಯಬಹುದು, ಕಣ್ಣಿಗೂ ಕಾಣುತ್ತದೆ. ಮುಚ್ಚಳದೊಳಗೆ ಕೈ ತಪ್ಪಿದರೆ ಕಥೆ ಮುಗಿಯಿತು. ಮುಚ್ಚಳದ ಒಳಗೋಡೆ ನೆಟ್ಟಗಿರಬೇಕು. ಬಾಯಲ್ಲೂ ಒಳಗೂ ವರ್ನಿಯರ್ ಒಂದೇ ಅಳತೆ ತೋರಿಸಬೇಕು. ಅಷ್ಟು ಮಾಡಿ ಒಂದು ರಾತ್ರಿ ಸುಮ್ನೆ ಬಿಟ್ಟೆ. ಒಣಗಿದ ಮರವೂ ಒಳಗೆ ತೆಳ್ಳಗೆ ಮಾಡಿದ ಮೇಲೆ ಸ್ವಲ್ಪ ಮಿಸುಕುತ್ತದೆ. ಮಿಸುಕಾಟ ರಾತ್ರಿಯೇ ಮುಗಿಯಲಿ ಅಂತ.

ಮಾರನೇ ದಿನ ಕತ್ತು ಕಡೆದೆ, ಆರೇಳು ಎಂ.ಎಂ. ಉದ್ದ. ತಿರುಗುತ್ತಿರುವ ಕತ್ತಿಗೆ ಮುಚ್ಚಳವನ್ನು ಮೆಲ್ಲಗೆ ಒತ್ತಿ ತೆಗೆದರೆ, ತಾಗಿದ ಕಡೆ ಹೊಳೆಯುವ ಒಂದು ಕಪ್ಪು ಉಂಗುರ ಬೀಳುತ್ತದೆ. ಆ ಉಂಗುರವನ್ನಷ್ಟೇ ತೆಗೆಯಿರಿ. ಮತ್ತೆ ಒತ್ತಿ, ಮತ್ತೆ ತೆಗೆಯಿರಿ. ನಾನು ಎಂಟೊಂಬತ್ತು ಸಲ ಮಾಡಿದ್ದೇನೆ. ಮೊದಲು ಬಿಗಿಯಾಗಿ ಕೂರಿಸಿ ಮುಚ್ಚಳದ ತಲೆ ಮುಗಿಸಿ, ಆಮೇಲೆ ಕತ್ತನ್ನು ಸಡಿಲ ಮಾಡಿದೆ. ಮುಚ್ಚಳ ಹಿಡಿದು ಎತ್ತಿದರೆ ಭರಣಿಯೂ ಜೊತೆಗೆ ಏಳಬೇಕು, ಒಂದು ಕ್ಷಣ ತೂಗಿ ತಾನಾಗಿ ಕೆಳಗಿಳಿಯಬೇಕು. ಆ ಹದ ನನ್ನ ಕೈಗೆ ಬಂದಿದೆ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ.

ಉಪ್ಪುಕಾಗದ ಹಿಡಿದಾಗ ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಿ. ಆ ಬಿಸಿಗೇ ಬಾಯಿ ಸೊಟ್ಟಗಾಗುತ್ತದೆ. ನನ್ನ ಮೊದಲ ಆರರಲ್ಲಿ ಎರಡಾದರೂ ಹಾಳಾದದ್ದು ಹೀಗೇ. ಒಳಗೆ ಎಣ್ಣೆ ಹಾಕಬೇಡಿ, ತಿಂಗಳಾದರೂ ವಾಸನೆ ಹೋಗುವುದಿಲ್ಲ, ಕುಂಕುಮ ಗಂಟು ಕಟ್ಟುತ್ತದೆ. ಜೇನುಮೇಣ ಸಾಕು. ಕತ್ತಿಗೆ ಮಾತ್ರ ಕೊನೆಯಲ್ಲಿ ಬೇರೆ ಒಂದನ್ನು ಸವರುತ್ತೇನೆ. ಅದು ನಿಮ್ಮ ಅಡುಗೆಮನೆಯಲ್ಲೇ ಇದೆ. ಹೆಸರು ಈಗ ಹೇಳಲ್ಲ, ಗೌರಿ ಹಬ್ಬದ ವ್ಯಾಪಾರ ಮುಗಿಯಲಿ.

ಬಣ್ಣದ ಆಸೆಗೆ ಪ್ಯಾಸೆಂಜರ್ ರೈಲು ಹತ್ತಿ ಚನ್ನಪಟ್ಟಣಕ್ಕೂ ಹೋಗಿದ್ದೆ. ಅಲ್ಲಿ ಒಬ್ಬ ಹಿರಿಯರು ಅರಗಿನ ಕಡ್ಡಿ ಒತ್ತುವುದನ್ನೂ ತಾಳೆಗರಿಯಲ್ಲಿ ಹೊಳಪು ಎಳೆಯುವುದನ್ನೂ ತೋರಿಸಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದನ್ನು ನೋಡುವುದೇ ಚೆಂದ. "ಆಲೆ ಮರ ತಗೊಳ್ಳಿ ಸ್ವಾಮಿ, ಹಿಪ್ಪುನೇರಳೆ ತಿರುಚ್ಕೊಳ್ಳುತ್ತೆ" ಅಂದರು ಅವರೂ. ಅಲ್ಲಿ ಬೊಂಬೆ ಮಾಡುವ ಆ ಆಲೆ ಮರದ ಬಿಳುಪಿನ ಮೇಲೆ ಅರಗಿನ ಬಣ್ಣ ಎದ್ದು ಕಾಣುವುದು ನಿಜ. ಆದರೆ ಹಿಪ್ಪುನೇರಳೆಗೆ ಅದರದ್ದೇ ಬಣ್ಣವಿದೆ. ಕಡೆದ ದಿನ ಅರಿಶಿನದಂತೆ ಹಳದಿ. ಒಂದು ತುಂಡಿಗೆ ಅರ್ಧ ಕಾಗದ ಸುತ್ತಿ ಕಿಟಕಿಯಲ್ಲಿಟ್ಟೆ. ತಿಂಗಳ ಮೇಲೆ ಬಿಚ್ಚಿದರೆ ಮುಚ್ಚಿದ್ದ ಭಾಗ ಹಳದಿ, ಬಿಸಿಲು ಬಿದ್ದದ್ದು ಬೆಲ್ಲದ ಬಣ್ಣ, ನಡುವೆ ಗೆರೆ ಎಳೆದ ಹಾಗೆ. ಅಂಥ ಮರಕ್ಕೆ ಪೂರ್ತಿ ಬಣ್ಣ ಬಳಿಯಲು ನನಗೆ ಮನಸ್ಸಾಗಲಿಲ್ಲ. ಮುಚ್ಚಳದ ಅಂಚಿಗೆ ಕೆಂಪು ಅರಗಿನ ಒಂದು ಬಳೆ ಮಾತ್ರ ಹಾಕುತ್ತೇನೆ.

ನಮ್ಮ ಅತ್ತಿಗೆ ಬಾಗಿನಕ್ಕೆ ಅಂತ 16 ಹೇಳಿದ್ದಾರೆ, ಒಂದಕ್ಕೆ 350. ಲೇತ್‌ನ ಖರ್ಚು ಇದರಲ್ಲೇ ಹುಟ್ಟುವುದಿಲ್ಲ, ಮೂರರಲ್ಲೊಂದು ಪಾಲು ಬರುತ್ತದೆ. ಒಂದಕ್ಕೆ ಎಲ್ಲ ಸೇರಿ ಎರಡೂವರೆ ಗಂಟೆ ಕೆಲಸ. ಹದಿನಾರಕ್ಕೆ ಇಪ್ಪತ್ತು ಜೊತೆ ತೋಡಿ ಮೇ ತಿಂಗಳಲ್ಲೇ ಚೀಲಕ್ಕೆ ಹಾಕಿದ್ದೆ. ಎರಡು ಬಿರಿದವು. ಉಳಿದ ಹದಿನೆಂಟರ ತೂಕ ನಿಂತಿದೆ. ಮೊನ್ನೆ ಬಡಗಿ ಅಂಗಡಿಗೆ ಬಂದು ಹನ್ನೆರಡನೆಯದನ್ನು ಕೈಗೆ ತಗೊಂಡ. ಮುಚ್ಚಳ ಹಿಡಿದು ಎತ್ತಿದ, ಭರಣಿ ಜೊತೆಗೇ ಎದ್ದು ಮೆಲ್ಲಗೆ ಇಳಿಯಿತು. ಇನ್ನೊಂದು ಸಲ ಎತ್ತಿದ. "ಬುಡದ ತುಂಡು ಇನ್ನೂ ಮಿಕ್ಕೈತಾ ಅಣ್ಣ?" ಅಂತ ಕೇಳಿದ.