ಹಳೇ ಕಾಲುದಾರಿ ಮತ್ತೆ ಸಿಕ್ಕಿದ್ದು ಹೀಗೆ

ಬ್ರಹ್ಮಾವರದ ಹತ್ತಿರ ನಮ್ಮೂರಿನ ಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲೇ ಸೈಕಲ್ ತುಳಿಯಬೇಕಿತ್ತು. ಜೂನ್ ಮಳೆ, ಪಕ್ಕದಲ್ಲೇ ಮೀನಿನ ಲಾರಿ. ಮಗಳು ಚರಂಡಿಗೆ ಬಿದ್ದು ಮೊಣಕಾಲು ಒಡೆದುಕೊಂಡು ಬಂದ ದಿನ ನನಗೆ ಸುಮ್ಮನಿರಲು ಆಗಲಿಲ್ಲ.

ಹೆದ್ದಾರಿ ಬದಿಗೆ ದಾರಿ ಕೊಡಿ ಎಂದು ಮನವಿ ಮೇಲೆ ಮನವಿ ಕೊಟ್ಟೆ. ಜಾಗ ಇಲ್ಲ ಎಂದರು. ಉಪಾಯ ಸಿಕ್ಕಿದ್ದು ನೆರೆಮನೆ ಅಜ್ಜಿಯಿಂದ. "ನಾವು ಶಾಲೆಗೆ ಹೋದದ್ದು ಬೈಲಿನ ಮೇಲೆ ಮಾರಾಯ್ತಿ, ತೋಡಿಗೆ ಅಡಿಕೆಮರದ ಸಂಕ ಇತ್ತು" ಅಂದರು. ಬೈಲು ಅಂದರೆ ಗದ್ದೆಬಯಲು, ತೋಡು ಅಂದರೆ ಸಣ್ಣ ಹಳ್ಳ, ಸಂಕ ಅಂದರೆ ಅದನ್ನು ದಾಟುವ ಕಿರುಸೇತುವೆ. ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆದು ನೋಡಿದರೆ ಆ ಕಾಲುದಾರಿ ಹಾಗೇ ಇತ್ತು! ಅಲ್ಲಿಂದ ನಮ್ಮ ಬೇಡಿಕೆಯೇ ಬದಲಾಯಿತು: ಹೊಸ ರಸ್ತೆ ಬೇಡ, ಇರುವ ದಾರಿ ಬಿಡಿಸಿಕೊಡಿ.

ಇಬ್ಬರು ಗದ್ದೆಯವರು ಒಪ್ಪಲಿಲ್ಲ. ಅವರ ಭಯ ನ್ಯಾಯವಾದದ್ದೇ. ಇವತ್ತು ಸೈಕಲ್ ಅಂತೀರಿ, ನಾಳೆ ರಿಕ್ಷಾ, ನಾಡಿದ್ದು ಟಿಪ್ಪರ್. ಅವರ ಅಂಗಳದಲ್ಲೇ ಮೂರು ಸಂಜೆ ಕೂತು ಮಾತಾಡಿ, ದಾರಿಯ ಎರಡೂ ತುದಿಗೆ ಕಲ್ಲುಕಂಬ ನೆಡುವುದೆಂದು ನಿಶ್ಚಯಿಸಿದೆವು.

ಆಮೇಲೆ ವಾರ್ಡ್ ಸಭೆ, ಗ್ರಾಮಸಭೆ. ನಿರ್ಣಯವನ್ನು ಪುಸ್ತಕದಲ್ಲಿ ಬರೆಸಿ ನಕಲು ತೆಗೆದುಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ. ನಾಲ್ಕು ತಿಂಗಳು ಏನೂ ಆಗದಾಗ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಉತ್ತರಕ್ಕೆ 30 ದಿನದ ಗಡುವು ಇದೆ. ಕಡತ ಯಾರ ಮೇಜಿನಲ್ಲಿ ನಿಂತಿದೆ ಎಂದು ಅದರಿಂದಲೇ ಗೊತ್ತಾಯಿತು.

ಈಗ ತೋಡಿಗೆ ಎರಡೂ ಬದಿ ಕಂಬಿ ಇರುವ ಕಾಂಕ್ರೀಟ್ ಕಾಲುಸಂಕ ಇದೆ. ದಾರಿದೀಪ ಇನ್ನೂ ಬಂದಿಲ್ಲ. ಮುಂದಿನ ಗ್ರಾಮಸಭೆಗೆ ಅದರ ಅರ್ಜಿ ಬರೆದಿಟ್ಟಿದ್ದೇನೆ.