ಟ್ರಂಕಿನಲ್ಲಿ ಹಳೇ ಪದಕ ಸಿಕ್ಕಿತೇ? ಅಂಚು ನೋಡಿ

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಬೆಲೆ, ಗುರುತು ಎರಡೂ ಹೋಗುತ್ತವೆ.

ಒಂದು ಬದಿಯಲ್ಲಿ ಅಶೋಕ ಚಕ್ರ, ಮೇಲೆ ಬ್ರಿಟಿಷ್ ಕಿರೀಟ ಇದೆಯಾ? ತಿರುಗಿಸಿ. ಅಶೋಕ ಸ್ತಂಭದ ಸಿಂಹಗಳು, ಇಂಗ್ಲಿಷಿನಲ್ಲಿ 15 ಆಗಸ್ಟ್ 1947 ಅಂತ ಇದ್ದರೆ ಅದು ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್, ಅಂದರೆ ಸ್ವಾತಂತ್ರ್ಯದ ನೆನಪಿಗೆ ಸೈನಿಕರಿಗೆ ಕೊಟ್ಟ ಪದಕ. ಕಿರೀಟ ನೋಡಿ ನಕಲಿ ಅಂದುಕೊಳ್ಳಬೇಡಿ. 1950ರ ಜನವರಿ 26ರವರೆಗೆ ಆರನೇ ಜಾರ್ಜ್ ನಮಗೂ ರಾಜನೇ, ವಿಚಿತ್ರ ಅಲ್ವಾ! ಬೆಳ್ಳಿ ಥರ ಕಂಡರೂ ಅದು ತಾಮ್ರ, ನಿಕ್ಕಲ್ ಬೆರೆಸಿದ ಲೋಹ. ರಿಬ್ಬನ್ ಕೇಸರಿ, ಬಿಳಿ, ಹಸಿರು.

ಜಾಸ್ತಿ ಮಾಹಿತಿ ಇರುವುದು ಅಂಚಿನಲ್ಲಿ. ಟಾರ್ಚನ್ನು ಓರೆಯಾಗಿ ಹಿಡಿದು, ಪದಕವನ್ನು ನಿಧಾನಕ್ಕೆ ಉರುಳಿಸುತ್ತಾ ನೋಡಿ. ಪಡೆದವರ ನಂಬರ್, ಹುದ್ದೆ, ಹೆಸರು ಸಾಮಾನ್ಯವಾಗಿ ಅಲ್ಲೇ ಒತ್ತಿರುತ್ತಾರೆ. ಪದಕ ಯಾವುದು ಅಂತ ಆನ್‌ಲೈನಿನಲ್ಲಿ ಕೇಳುವಾಗ ಅಂಚಿನ ಫೋಟೋನೂ ಹಾಕಿ, ಸುಮ್ನೆ ಮುಂಭಾಗದ್ದು ಮಾತ್ರ ಸಾಲದು. 1972ರ ಸ್ವಾತಂತ್ರ್ಯ ರಜತೋತ್ಸವದ ಪದಕ ಬೇರೆ, ಅದರಲ್ಲಿ ಕಿರೀಟ ಇರುವುದಿಲ್ಲ.